ಜುಗಾರಿ ಕ್ರಾಸ್ ಮತ್ತು ಅದರ ವಾಚಕರು

ಕತೆಯ ಪ್ರಾಣವಿರುವುದು 'ಆಮೇಲೇನಾಯಿತು?' ಎಂಬ ಪ್ರಶ್ನೆಯಲ್ಲಿ. ಅಜ್ಜಿಯ ಮಗ್ಗುಲಲ್ಲಿ ಮಲಗಿ ಕತೆ ಕೇಳುವ ಮಗು ಮೊತ್ತಮೊದಲು ಆಡುವ ವಿಮರ್ಶೆಯ ಮಾತೂ ಅದೇ. ಅದೇ ಮಗು ಬೆಳೆದು, ಶಾಲೆಯಲ್ಲಿ ರಸ, ಅಲಂಕಾರ, ಔಚಿತ್ಯಗಳೆಂಬ ದೊಡ್ಡ ಮಾತುಗಳನ್ನು ಕಲಿತ ಮೇಲೆ ಆ ಪ್ರಶ್ನೆಯನ್ನು ಕೇಳಲು ನಾಚುತ್ತದೆ. 'ಕೈಯಿಂದ ಕೆಳಗಿಡಲಾಗದ ಪುಸ್ತಕ' ಎಂದು ಯಾರಾದರೂ ಹೇಳಿದರೆ ಅದು ಮೆಚ್ಚುಗೆಯೋ ನಿಂದೆಯೋ ತಿಳಿಯದ ಸ್ಥಿತಿ ನಮ್ಮಲ್ಲಿದೆ. ಈ ಇಬ್ಬಂದಿಯನ್ನು ನಮ್ಮ ಕಾಫಿಸೀಮೆಯಲ್ಲಿ ಸ್ಪಷ್ಟವಾಗಿ ಕಾಣಿಸಿದ ಕಾದಂಬರಿಯೊಂದಿದೆ. ಅದು ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್'. 1994ರಲ್ಲಿ ಪ್ರಕಟವಾದ ಈ ಕೃತಿಯನ್ನು ಕುರಿತು ವಾಚಕರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ.

ಕುತೂಹಲದ ಕತೆ ಕನ್ನಡಕ್ಕೆ ಇಂಗ್ಲಿಷಿನಿಂದ ಬಂದ ಸರಕು ಎಂದು ಹಲವರು ತಿಳಿದಿದ್ದಾರೆ. ಅರ್ಧ ಮಾತ್ರ ನಿಜ. ಕನ್ನಡದ ಪ್ರಾಚೀನ ಗದ್ಯಕೃತಿಯಾದ 'ವಡ್ಡಾರಾಧನೆ'ಯಲ್ಲಿ ವಿದ್ಯುಚ್ಚೋರನೆಂಬ ರಿಸಿಯ ಕತೆ ಬರುತ್ತದೆ. ಅರಮನೆಯ ಹಾರ ಕಳುವಾಗುತ್ತದೆ. ಕಳ್ಳನನ್ನು ಗೊತ್ತಾದ ದಿನಗಳೊಳಗೆ ಹಿಡಿದು ತರಬೇಕೆಂದು ತಳಾರ ಯಮದಂಡನಿಗೆ ರಾಜಾಜ್ಞೆಯಾಗುತ್ತದೆ. ಕಳ್ಳನಾದರೋ ಹಗಲಲ್ಲಿ ಕುಷ್ಠರೋಗಿಯ ವೇಷದಲ್ಲಿರುವ ಚತುರ. ವೇಷ, ಹುಡುಕಾಟ, ಗಡುವು ಮೂರೂ ಅಲ್ಲಿವೆ. ಜೈನಧರ್ಮದ ವೈರಾಗ್ಯವನ್ನು ಬೋಧಿಸಹೊರಟ ಗ್ರಂಥಕಾರನು ಕೇಳುಗರ ಕುತೂಹಲವನ್ನು ಹೀನವೆಂದು ಬಗೆಯಲಿಲ್ಲ. ಅದನ್ನೇ ಸೋಪಾನವಾಗಿ ಮಾಡಿಕೊಂಡನು.

ಆಧುನಿಕ ಪತ್ತೇದಾರಿ ಕತೆಯ ಹಾದಿ ಬೇರೆ. ಅಮೆರಿಕದ ಎಡ್ಗರ್ ಅಲನ್ ಪೋ 1841ರಲ್ಲಿ ಅದಕ್ಕೆ ಅಡಿಪಾಯ ಹಾಕಿದನು. 1887ರಲ್ಲಿ ಕಾನನ್ ಡಾಯಲ್‌ನ ಷರ್ಲಾಕ್ ಹೋಮ್ಸ್ ಹುಟ್ಟಿದನು. 1893ರಲ್ಲಿ ಆ ಪಾತ್ರವನ್ನು ಕೊಂದು ಕೈತೊಳೆದುಕೊಳ್ಳಲು ಡಾಯಲ್ ಮಾಡಿದ ಪ್ರಯತ್ನ ಓದುಗರ ಪ್ರತಿಭಟನೆಯ ಮುಂದೆ ನಿಲ್ಲಲಿಲ್ಲ. ಕೆಲವು ವರ್ಷಗಳಲ್ಲಿ ಹೋಮ್ಸ್ ಬದುಕಿ ಬಂದನು. ಈ ಗಾಳಿ ಬಂಗಾಳಕ್ಕೂ ಮೈಸೂರಿಗೂ ಬೀಸಿತು. 'ತಾತಯ್ಯ'ನವರೆಂದು ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರಂಥ ಹಿರಿಯರೇ 'ಚೋರಗ್ರಹಣತಂತ್ರ'ವನ್ನು ಬರೆದರು. ಕನ್ನಡ ಚಳವಳಿಯ ನಾಯಕರೂ ಕನ್ನಡ ಬಾವುಟದ ರೂಪಕರೂ ಆದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ರಚಿಸಿದರು. 1950ರ ದಶಕದಿಂದ ಎನ್. ನರಸಿಂಹಯ್ಯನವರ ಕಾಲ. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಇವರೆಲ್ಲ ಅವರ ಮಾನಸಪುತ್ರರು. ಅವರು ಬರೆದ ಕಾದಂಬರಿಗಳ ಸಂಖ್ಯೆ 500ನ್ನು ಮೀರುತ್ತದೆ.

'ಪತ್ತೆ'ಯೆಂಬ ಹಿಂದೂಸ್ತಾನಿಯಿಂದ ಬಂದ ಮಾತಿಗೆ 'ದಾರ'ವೆಂಬ ಪಾರಸಿ ಪ್ರತ್ಯಯ ಸೇರಿ 'ಪತ್ತೇದಾರ'ನಾದನು. ಶಬ್ದವೇ ಮಿಶ್ರಕುಲದ್ದು. ಅದಕ್ಕೋ ಏನೋ, ಪಂಡಿತರ ಪಂಕ್ತಿಯಲ್ಲಿ ಅವನಿಗೆ ಎಲೆ ಹಾಕಲಿಲ್ಲ. ಆದರೆ ಒಂದು ಸಂಗತಿಯನ್ನು ಮರೆಯಬಾರದು. ಬಸ್ ನಿಲ್ದಾಣದ ಅಂಗಡಿಯಲ್ಲಿ ಕೆಲವೇ ಆಣೆಗಳಿಗೆ ಸಿಗುತ್ತಿದ್ದ ಆ ಪುಸ್ತಕಗಳಿಂದ ಅಕ್ಷರ ಕೂಡಿಸುವುದನ್ನು ರೂಢಿಮಾಡಿಕೊಂಡ ಕನ್ನಡಿಗರು ಅಸಂಖ್ಯಾತ. ಓದುವ ಚಟ ಹಿಡಿಸುವುದೂ ಭಾಷೆಗೆ ಮಾಡುವ ಸೇವೆಯೇ.

ಇಂಥ ಹಿನ್ನೆಲೆಯಲ್ಲಿ ತೇಜಸ್ವಿಯವರ ನಿಲುವನ್ನು ನೋಡಬೇಕು. 1938ರಲ್ಲಿ ಹುಟ್ಟಿದ ಅವರು ಕುವೆಂಪು ಅವರ ಮಗ. ಪಟ್ಟಣದ ಉದ್ಯೋಗವನ್ನು ಬಯಸದೆ ಮೂಡಿಗೆರೆಯ ಕಡೆ ತೋಟ ಮಾಡಿಕೊಂಡು ನೆಲೆಸಿ, 2007ರ ಏಪ್ರಿಲ್ 5ರಂದು ಅಲ್ಲಿಯೇ ತೀರಿಕೊಂಡರು. 1973ರಲ್ಲಿ ಬಂದ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ ಅವರು ನವ್ಯಸಾಹಿತ್ಯದ ಮಾರ್ಗದಿಂದ ತಾವು ಬೇರೆಯಾಗುತ್ತಿರುವುದನ್ನು ಸಾರಿದರು. ಒಳಗೊಳಗೇ ಕುದಿಯುವ ಒಂಟಿ ಮನಸ್ಸಿನ ಕತೆಯನ್ನು ಬಿಟ್ಟು, ಊರು, ಕಾಡು, ಸಂತೆ, ಜನ ಇವುಗಳತ್ತ ತಿರುಗಿದರು. 1980ರ 'ಕರ್ವಾಲೊ' ಹಾರುವ ಓತಿಯೊಂದನ್ನು ಹುಡುಕಹೋಗುವ ಕತೆ. 1985ರ 'ಚಿದಂಬರ ರಹಸ್ಯ'ವಂತೂ ಏಲಕ್ಕಿ ಬೆಳೆಯ ಕುಸಿತವನ್ನೂ, ಅದನ್ನು ಅಧ್ಯಯನ ಮಾಡುತ್ತಿದ್ದ ವಿಜ್ಞಾನಿಯ ಸಾವನ್ನೂ ಪತ್ತೆಹಚ್ಚಲು ಬರುವ ಅಧಿಕಾರಿಯ ಕತೆ. ಅದಕ್ಕೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಪತ್ತೇದಾರಿಯ ಹಂದರದ ಮೇಲೆ ಘನವಾದ ಕೃತಿಯನ್ನು ಹಬ್ಬಿಸಬಹುದೆಂಬುದು 'ಜುಗಾರಿ ಕ್ರಾಸ್' ಬರುವ ಮೊದಲೇ ಸಿದ್ಧವಾಗಿತ್ತು.

ಇನ್ನು ಕಾದಂಬರಿಗೆ ಬರೋಣ. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ಎಂಬ ಬೆಳೆಗಾರ ದಂಪತಿಗಳು ತಮಗರಿಯದಂತೆ ದೊಡ್ಡ ಜಾಲವೊಂದರೊಳಗೆ ಸಿಲುಕುತ್ತಾರೆ. ಕಾಡಿನ ನಡುವಣ ರಸ್ತೆಗಳ ಕೂಟ, ಮರಗಳ್ಳರು, ಕಳ್ಳವ್ಯಾಪಾರಿಗಳು, ಘಟ್ಟದ ರೈಲು, ಕೆಂಪುಹರಳುಗಳ ಸುಳಿವನ್ನು ಗರ್ಭದಲ್ಲಿಟ್ಟುಕೊಂಡ ಹಳಗನ್ನಡ ಕಾವ್ಯ ಇವೆಲ್ಲ ಸುಮಾರು ಒಂದು ದಿನದ ಅವಧಿಯೊಳಗೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಮುಂದೇನಾಯಿತೆಂದು ಹೇಳಿಬಿಟ್ಟರೆ ಇನ್ನೂ ಓದದವರಿಗೆ ಅನ್ಯಾಯ ಮಾಡಿದಂತೆ. ಆದ್ದರಿಂದ ಕತೆಯನ್ನು ಇಲ್ಲಿಗೆ ನಿಲ್ಲಿಸುತ್ತೇನೆ.

ಆಲ್ದೂರಿನ ಸುತ್ತಮುತ್ತಣ ವಾಚಕರ ಬಾಯಲ್ಲಿ ಈ ಪುಸ್ತಕದ ಬಗೆಗೆ ಮೂರು ಬಗೆಯ ಮಾತು ಕೇಳಿಬರುತ್ತದೆ. ಮೊದಲನೆಯವರು ತರುಣರು. ಪಠ್ಯಪುಸ್ತಕವನ್ನುಳಿದು ಬೇರೆ ಕನ್ನಡ ಪುಸ್ತಕವನ್ನು ಕೊನೆಯವರೆಗೆ ಓದಿದ್ದು ಇದೊಂದನ್ನೇ ಎನ್ನುವ ಹುಡುಗರು ಇವರಲ್ಲಿದ್ದಾರೆ. ಒಂದೇ ರಾತ್ರಿಗೆ ಮುಗಿಸಿದೆವೆಂಬುದೇ ಅವರ ಹೊಗಳಿಕೆ. ಎರಡನೆಯವರು ಬಹುಶ್ರುತರು. 'ಕರ್ವಾಲೊ' ಬರೆದ ಕೈ ಇಂಥದನ್ನು ಬರೆಯಬೇಕಾಗಿತ್ತೆ ಎಂದು ಇವರ ಕೊರಗು. ಆಕಸ್ಮಿಕಗಳು ಮಿತಿಮೀರಿವೆ, ಓಟದ ಭರದಲ್ಲಿ ಪಾತ್ರಗಳಿಗೆ ಬೇರುಬಿಡಲು ಪುರಸೊತ್ತಿಲ್ಲ, ಹಾಸ್ಯ ತೆಳುವಾಯಿತು, ಬೇರೆ ಬೇರೆ ಎಳೆಗಳು ಕೊನೆಗೆ ಅವಸರದಲ್ಲಿ ಗಂಟುಬಿದ್ದವು ಎಂಬುವು ಇವರ ಆಕ್ಷೇಪಗಳು. ಮೂರನೆಯವರು ತೋಟಗಾರರು, ಬಸ್ಸಿನಲ್ಲಿ ದುಡಿದವರು, ಮಂಡಿ ವ್ಯವಹಾರ ಕಂಡವರು. ಇದು ಕಟ್ಟುಕತೆಯೇ ಅಲ್ಲ, ನಮ್ಮ ಘಟ್ಟದಲ್ಲಿ ನಡೆಯುವುದೇ ಹೀಗೆ ಎಂದು ಇವರು ಸಮಾಧಾನವಾಗಿ ಹೇಳಿಬಿಡುತ್ತಾರೆ.

ಇಂಥ ಜಗಳ ಹೊಸದೇನಲ್ಲ. ಅಮೆರಿಕದ ಎಡ್ಮಂಡ್ ವಿಲ್ಸನ್ ಎಂಬ ವಿಮರ್ಶಕನು ಜನರು ಪತ್ತೇದಾರಿ ಕತೆಗಳನ್ನು ಏಕೆ ಓದುತ್ತಾರೆಂದು 1944ರಲ್ಲಿ ಲೇಖನ ಬರೆದು ಅವುಗಳನ್ನು ಹಳಿದನು. ಓದುಗರಿಂದ ಆಕ್ಷೇಪದ ಕಾಗದಗಳು ರಾಶಿರಾಶಿಯಾಗಿ ಬಂದವು. 1945ರಲ್ಲಿ ಮತ್ತೊಂದು ಲೇಖನ ಬರೆದನು. ಅದರಲ್ಲಿಯೂ ತನ್ನ ಹಟವನ್ನು ಬಿಡಲಿಲ್ಲ. ಅಂಥ ಕತೆಗಳನ್ನು ಓದುವುದು ಒಂದು ದುಶ್ಚಟವೆಂಬಂತೆ ಮಾತಾಡಿದನು. ವಿಮರ್ಶಕರ ತಕ್ಕಡಿಗೂ ಓದುಗರ ತಕ್ಕಡಿಗೂ ತೂಕದ ಕಲ್ಲು ಒಂದೇ ಅಲ್ಲವೆಂಬುದು ಅಲ್ಲಿಯೂ ಕಂಡಿತು.

ನಮ್ಮ ಮೂರು ಪಕ್ಷಗಳಲ್ಲಿ ಯಾವುದು ಸರಿ? ಎರಡನೆಯವರ ಮಾತನ್ನು ತಳ್ಳಿಹಾಕುವಂತಿಲ್ಲ. 'ಕರ್ವಾಲೊ'ದ ಮಂದಣ್ಣ ನಮ್ಮ ನೆರೆಮನೆಯವನಂತೆ ನೆನಪಿನಲ್ಲಿ ಉಳಿಯುತ್ತಾನೆ. ಅಂಥ ನಿಡುಗಾಲದ ಗೆಳೆತನ 'ಜುಗಾರಿ ಕ್ರಾಸ್'ನ ಪಾತ್ರಗಳೊಡನೆ ಬೆಳೆಯುವುದಿಲ್ಲ. ಆದರೆ ಆಕಸ್ಮಿಕಗಳು ಹೆಚ್ಚೆಂಬ ಆಕ್ಷೇಪವನ್ನು ಸ್ವಲ್ಪ ಪರೀಕ್ಷಿಸಬೇಕು. ಅನೌಚಿತ್ಯವೊಂದೇ ರಸಭಂಗಕ್ಕೆ ಕಾರಣವೆಂದು ಆನಂದವರ್ಧನನ ಮತ. ಹಾಗಾದರೆ ಈ ಕತೆಯಲ್ಲಿ ಆಕಸ್ಮಿಕ ಅನುಚಿತವೆ?

ಹೆಸರನ್ನೇ ನೋಡಿ. ಸಂಸ್ಕೃತದ 'ದ್ಯೂತ' ನಮ್ಮಲ್ಲಿ ಜೂದು, ಜೂಜು ಆಯಿತು. 'ಜುಗಾರಿ' ಎಂಬುದು ಘಟ್ಟದ ಕೆಳಗಣವರ ಬಳಕೆಯ ಮಾತು, ಅರ್ಥ ಜೂಜೇ. ಕತ್ತಲ ಕಾಡಿನ ಕೂಡುದಾರಿಗೆ ಜೂಜಿನ ಹೆಸರು ಬಿದ್ದ ಮೇಲೆ, ಅಲ್ಲಿ ದಾಳ ಹೇಗೆ ಬಿದ್ದೀತೆಂದು ಯಾರು ಹೇಳಬಲ್ಲರು? ಬೆಳೆಗಾರನ ಬಾಳನ್ನು ಬಲ್ಲವರಿಗೆ ಈ ಹೆಸರಿನ ಮರ್ಮ ಬೇಗ ಹೊಳೆಯುತ್ತದೆ.

ಏಲಕ್ಕಿಯ ಚರಿತ್ರೆಯನ್ನೇ ತೆಗೆದುಕೊಳ್ಳಿ. ಹಿಂಡಿಗೆ ಕಟ್ಟೆರೋಗ ತಗಲಿದರೆ ಔಷಧವಿಲ್ಲ. ಬುಡಸಹಿತ ಕಿತ್ತು ಹಾಕಬೇಕು. ಏಲಕ್ಕಿಯ ಹಿತಕ್ಕಾಗಿ 1965ರಲ್ಲಿ ಕಾನೂನಾಗಿ ಏಲಕ್ಕಿ ಮಂಡಳಿ ಬಂದಿತು. 1987ರಲ್ಲಿ ಅದು ಸಂಬಾರ ಮಂಡಳಿಯಲ್ಲಿ ಲೀನವಾಯಿತು. ಈ ನಡುವೆ ಗ್ವಾಟೆಮಾಲ ಎಂಬ ದೂರದೇಶದ ಏಲಕ್ಕಿ ಪ್ರಪಂಚದ ಪೇಟೆಯನ್ನು ತುಂಬಿ ನಮ್ಮವರ ಬೆಲೆಯನ್ನು ಕುಗ್ಗಿಸಿತು. ಕಾಫಿಯ ಕತೆಯೂ ಬೇರೆಯಲ್ಲ. 1942ರ ಕಾನೂನಿನಂತೆ ಬೆಳೆಗಾರರು ತಮ್ಮ ಕಾಫಿಯನ್ನು ಮಂಡಳಿಗೆ ಒಪ್ಪಿಸುತ್ತಿದ್ದರು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲವಾಗಿ ಮುಕ್ತಮಾರಾಟ ಬಂದಿತು. 'ಜುಗಾರಿ ಕ್ರಾಸ್' ಅಚ್ಚಾದ 1994ರಲ್ಲೇ ಬ್ರೆಜಿಲ್ ದೇಶದ ತೋಟಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿ, ಪ್ರಪಂಚದಾದ್ಯಂತ ಕಾಫಿಯ ಬೆಲೆ ಏರಿತು. ಅಲ್ಲಿ ಬಿದ್ದ ಹಿಮದಿಂದ ಇಲ್ಲಿ ಒಬ್ಬನ ಸಾಲ ತೀರುವುದು ಆಕಸ್ಮಿಕವಲ್ಲದೆ ಮತ್ತೇನು? ಮಳೆ, ರೋಗ, ಪೇಟೆ, ದಲ್ಲಾಳಿ ಎಂಬ ನಾಲ್ಕು ದಾರಿಗಳು ಕೂಡುವ ಕಡೆ ನಿಂತು ದಾಳ ಎಸೆಯುವವನೇ ಮಲೆನಾಡಿನ ಸಣ್ಣ ಬೆಳೆಗಾರ. ಅವನ ಕತೆಯಲ್ಲಿ ಆಕಸ್ಮಿಕಗಳೇ ಇಲ್ಲದಿದ್ದರೆ ಅದು ಅನುಚಿತವಾಗುತ್ತಿತ್ತು.

ಮತ್ತೊಂದು ವಿಶೇಷವಿದೆ. ಸಾಮಾನ್ಯ ಪತ್ತೇದಾರಿ ಕತೆಯಲ್ಲಿ ಅಪರಾಧಿ ಒಬ್ಬ. ಅವನನ್ನು ಹಿಡಿದೊಡನೆ ಲೋಕ ಮೊದಲಿನಂತೆ ನೆಮ್ಮದಿಯಾಗುತ್ತದೆ. ಓದುಗ ದೀಪ ಆರಿಸಿ ನಿದ್ದೆಹೋಗುತ್ತಾನೆ. 'ಜುಗಾರಿ ಕ್ರಾಸ್'ನ ಭಯ ಒಬ್ಬ ಕೇಡಿಯಿಂದ ಬಂದುದಲ್ಲ. ಕಾಡಿನ ಮರ ಯಾವ ದಾರಿಯಲ್ಲಿ ಎಲ್ಲಿಗೆ ಹೋಗುತ್ತದೆ, ತಾನು ಬೆಳೆದ ಏಲಕ್ಕಿ ಯಾರ ಯಾರ ಕೈ ದಾಟುತ್ತದೆ, ಪಕ್ಕದಲ್ಲಿ ಕುಳಿತ ಪ್ರಯಾಣಿಕ ಯಾರ ಕಡೆಯವನು ಎಂದು ತಿಳಿಯದಿರುವುದೇ ಇಲ್ಲಿನ ಭಯ. ಕಾಡನ್ನು ಉಳಿಸಲು 1980ರಲ್ಲಿ ಕೇಂದ್ರದ ಕಾನೂನು ಬಂದ ಮೇಲೂ ಮರಗಳ್ಳತನ ಮಲೆನಾಡನ್ನು ಬಿಟ್ಟುಹೋಗಲಿಲ್ಲ. ಇಂಥ ಸಂಗತಿಯನ್ನು ವರದಿಯಾಗಿ ಬರೆದಿದ್ದರೆ ಕಪಾಟಿನಲ್ಲಿ ಧೂಳು ಹಿಡಿಯುತ್ತಿತ್ತು. ಕತೆಯಾಗಿ ಬರೆದುದರಿಂದ ಲಾರಿಯ ಚಾಲಕನೂ ಕಾಲೇಜಿನ ಹುಡುಗಿಯೂ ಓದಿದರು.

ಕನ್ನಡ ಪಂಡಿತನಾದ ನನಗೆ ಇನ್ನೊಂದು ಕಾರಣದಿಂದಲೂ ಈ ಪುಸ್ತಕ ಪ್ರಿಯ. ಹಳಗನ್ನಡವೆಂದರೆ ಮುಖ ಸಿಂಡರಿಸುವ ಮಕ್ಕಳು, ಇದರಲ್ಲಿ ಕಾವ್ಯದ ಶ್ಲೇಷೆಯೊಳಗೆ ನಿಧಿಯ ಗುಟ್ಟು ಅಡಗಿರಬಹುದೆಂಬ ಭಾಗಕ್ಕೆ ಬಂದಾಗ ಪದ ಪದವನ್ನೂ ಬಿಡಿಸಿ ನೋಡತೊಡಗುತ್ತಾರೆ. ಒಂದು ಮಾತಿಗೆ ಎರಡರ್ಥ ಹೇಗೆ ಬಂದಿತೆಂದು ಕೇಳುತ್ತಾರೆ. ನಾಲ್ಕು ವರ್ಷ ವ್ಯಾಕರಣ ಹೇಳಿದರೂ ಹುಟ್ಟದ ಪ್ರಶ್ನೆ ಅದು.

ಆದುದರಿಂದ ಇದು ಪತ್ತೇದಾರಿಯೋ ಸಾಹಿತ್ಯವೋ ಎಂದು ಎರಡು ಗೂಡು ಮಾಡಿ ಜಗಳಾಡುವುದರಿಂದ ಲಾಭವಿಲ್ಲ. ಕುತೂಹಲವನ್ನು ಕೆರಳಿಸಿದ ಮೇಲೆ ಓದುಗನನ್ನು ಎಲ್ಲಿಗೆ ಕರೆದೊಯ್ದು ಬಿಟ್ಟರು ಎಂಬುದೇ ಕೇಳತಕ್ಕ ಪ್ರಶ್ನೆ. ಕೆಲವು ಪುಸ್ತಕಗಳು ಬಾಗಿಲು ತೆರೆದು ಖಾಲಿ ಕೋಣೆಯನ್ನು ತೋರಿಸುತ್ತವೆ. 'ಜುಗಾರಿ ಕ್ರಾಸ್' ನಾವು ದಿನವೂ ಓಡಾಡುವ ಘಟ್ಟದ ರಸ್ತೆಯಲ್ಲೇ ನಮ್ಮನ್ನು ಇಳಿಸಿ, ಇಕ್ಕೆಲದ ಕಾಡನ್ನು ಇನ್ನೊಮ್ಮೆ ನೋಡುವಂತೆ ಮಾಡುತ್ತದೆ. ಪಾತ್ರಗಳು ಮರೆತುಹೋದರೂ ಆ ನೋಟ ಮರೆಯಾಗುವುದಿಲ್ಲ. ಮೆಚ್ಚದವರು ಮೆಚ್ಚದಿರಲಿ, ಆದರೆ ಓದುವ ಹುಡುಗನ ಕೈಯಿಂದ ಅದನ್ನು ಕಿತ್ತುಕೊಳ್ಳದಿರಲಿ.