ಅಬಕಾರಿ ಮತ್ತು ಮನೆಭಟ್ಟಿ: ತಾಮ್ರದ ಪಾತ್ರೆಯೊಂದರ ಚರಿತ್ರೆ

ಮದ್ಯದ ಮೇಲಿನ ಸುಂಕವನ್ನು ವಸೂಲು ಮಾಡುವ ಸರ್ಕಾರಿ ಇಲಾಖೆಗೆ ಕನ್ನಡದಲ್ಲಿ ಅಬಕಾರಿ ಇಲಾಖೆ ಎಂದು ಹೆಸರು. ಪಾರಸಿ ಭಾಷೆಯಲ್ಲಿ ‘ಆಬ್’ ಎಂದರೆ ನೀರು, ‘ಕಾರ್’ ಎಂದರೆ ಕೆಲಸ. ‘ಆಬ್‌ಕಾರ್’ ಎಂಬುದು ಮೂಲತಃ ಮದ್ಯವನ್ನು ಇಳಿಸುವ, ಮಾರುವ ಕಸುಬುದಾರನನ್ನು ಸೂಚಿಸುತ್ತಿದ್ದ ಪದ. ಕಸುಬಿನ ಹೆಸರು ಕಾಲಾಂತರದಲ್ಲಿ ಆ ಕಸುಬಿನ ಮೇಲೆ ಹೇರಿದ ತೆರಿಗೆಯ ಹೆಸರಾಯಿತು. ಅನಂತರ ಆ ತೆರಿಗೆಯನ್ನು ತಪ್ಪಿಸುವವರನ್ನು ಹಿಡಿಯುವ ಇಲಾಖೆಯ ಹೆಸರಾಯಿತು. ಇದಕ್ಕೆ ಜೊತೆಯಾಗಿ ಕನ್ನಡದಲ್ಲಿ ನಿಂತಿರುವ ಇನ್ನೊಂದು ಪದ ‘ಕಳ್ಳಭಟ್ಟಿ’. ‘ಭಟ್ಟಿ’ ಎಂಬುದು ಹುರಿಯುವ ಒಲೆಯನ್ನು ಸೂಚಿಸುವ ಸಂಸ್ಕೃತದ ‘ಭ್ರಾಷ್ಟ್ರ’ದಿಂದ ಪ್ರಾಕೃತದ ಮೂಲಕ ಬಂದುದು. ಸುಣ್ಣದ ಭಟ್ಟಿಯೂ ಭಟ್ಟಿಯೇ. ಆ ಒಲೆಗೆ ‘ಕಳ್ಳ’ ಎಂಬ ವಿಶೇಷಣ ಅಂಟಿಕೊಂಡದ್ದು ಕಾನೂನಿನಿಂದ. ಕಳ್ಳು ಎಂಬ ಪಾನೀಯದ ಹೆಸರಿನೊಡನೆ ಅದರ ಉಚ್ಚಾರಣೆ ಹೊಂದಿಕೊಂಡದ್ದು ಕೇವಲ ಆಕಸ್ಮಿಕ. ಮನೆಯಲ್ಲಿ ಮದ್ಯ ಇಳಿಸುವ ಪಾತ್ರೆ ಮನೆಯ ಪಾತ್ರೆಗಳ ಸಾಲಿನಿಂದ ಹೊರಬಿದ್ದು ಅಪರಾಧದ ಸಾಕ್ಷ್ಯವಾದ ಚರಿತ್ರೆಯನ್ನು ಈ ಎರಡು ಪದಗಳ ನಡುವೆ ಗುರುತಿಸಬಹುದು. ಪಾತ್ರೆಯ ಲೋಹ ಬದಲಾದುದೂ ಈ ಚರಿತ್ರೆಯ ಭಾಗವೇ. ಮೊದಲಿಗೆ ಮಣ್ಣು, ಬಳಿಕ ತಾಮ್ರ, ಕೊನೆಗೆ ಸೀಮೆಎಣ್ಣೆಯ ತಗಡಿನ ಡಬ್ಬ ಎಂಬ ಈ ಕ್ರಮದಲ್ಲಿ ಕೊನೆಯ ಹೆಜ್ಜೆಯನ್ನು ಇಡಿಸಿದ್ದು ಕುಶಲಕರ್ಮಿಯ ಆಯ್ಕೆಯಲ್ಲ, ಕಾಯ್ದೆಯ ಭಯ.

ಭಟ್ಟಿಯ ರಚನೆ ಸರಳವಾದುದು. ಹುದುಗಿದ ರಸವನ್ನು ಕಾಯಿಸುವ ಪಾತ್ರೆಯೊಂದು, ಆವಿಯನ್ನು ಒಯ್ಯುವ ಕೊಳವೆಯೊಂದು, ಆವಿ ತಣಿದು ಹನಿಯಾಗಿ ಸೇರುವ ಪಾತ್ರೆಯೊಂದು, ಇಷ್ಟಿದ್ದರೆ ಸಾಕು. ಮದ್ಯಸಾರ ಸುಮಾರು 78 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕುದಿಯುತ್ತದೆ, ನೀರು 100ರಲ್ಲಿ. ಈ ಅಂತರವೇ ಇಡೀ ವಿದ್ಯೆಯ ಆಧಾರ. ಉಷ್ಣತಾಮಾಪಕವಿಲ್ಲದ ಕಾಲದಲ್ಲಿ ಈ ಅಂತರವನ್ನು ಬೆಂಕಿಯ ಉರಿ, ಹನಿಯ ವೇಗ, ನೊರೆಯ ಗುಳ್ಳೆಗಳ ಮೂಲಕ ಕಣ್ಣಳತೆಯಲ್ಲಿಯೇ ಹಿಡಿಯಬೇಕಾಗಿತ್ತು. ಕನ್ನಡನಾಡಿನ ಹಳೆಯ ಮನೆಗಳ ಬಚ್ಚಲಲ್ಲಿ ಒಲೆಗೆ ಹೂಡಿ ಮಣ್ಣು ಮೆತ್ತಿದ ತಾಮ್ರದ ಹಂಡೆಯನ್ನು ಕಂಡವರಿಗೆ ಭಟ್ಟಿಯ ಪಾತ್ರೆ ಅಪರಿಚಿತವಾಗಿ ತೋರಲಾರದು. ಕಿರಿದಾದ ಕೊರಳು, ಉಬ್ಬಿದ ಹೊಟ್ಟೆ, ಮಸಿ ಹಿಡಿದ ತಳ ಎರಡಕ್ಕೂ ಸಮಾನ. ಅದು ನೀರು ಕಾಯಿಸುವ ಪಾತ್ರೆಯ ದಾಯಾದಿ.

ಈ ವಿದ್ಯೆಯ ಪ್ರಾಚೀನತೆಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ತಕ್ಷಶಿಲೆಯ ಸಿರ್ಕಪ್ ನೆಲೆಯಲ್ಲಿ ಜಾನ್ ಮಾರ್ಷಲ್ ಅವರ ಉತ್ಖನನದಲ್ಲಿ ದೊರೆತ ಮಣ್ಣಿನ ಪಾತ್ರೆಗಳನ್ನು ಭಟ್ಟಿಯ ಭಾಗಗಳೆಂದು ಗುರುತಿಸಲಾಯಿತು. ಪೇಶಾವರದ ಸಮೀಪದ ಶೈಖಾನ್ ಢೇರಿಯಲ್ಲಿ ಅಹಮದ್ ಹಸನ್ ದಾನಿಯವರು 1960ರ ದಶಕದಲ್ಲಿ ನಡೆಸಿದ ಉತ್ಖನನದಲ್ಲಿ ಇದೇ ಬಗೆಯ ಸಂಗ್ರಹ ಪಾತ್ರೆಗಳು ನೂರಕ್ಕೂ ಮಿಕ್ಕಿ ದೊರೆತವು. ಇವುಗಳನ್ನು ಆಧರಿಸಿ ಪುರಾತತ್ತ್ವಜ್ಞ ಎಫ್. ಆರ್. ಆಲ್ಚಿನ್ 1979ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಭಾರತವೇ ಭಟ್ಟಿ ಇಳಿಸುವಿಕೆಯ ಪ್ರಾಚೀನ ತವರಾಗಿರಬಹುದೇ ಎಂಬ ಪ್ರಶ್ನೆಯನ್ನೆತ್ತಿದರು. ಪ್ರಾಚೀನ ಗ್ರಂಥಗಳ ಸುರೆ ಮುಖ್ಯವಾಗಿ ಧಾನ್ಯವನ್ನು ಹುದುಗಿಸಿ ಮಾಡಿದ ಪಾನೀಯ. ಆ ಗ್ರಂಥಗಳಲ್ಲಿ ಆವಿಯನ್ನು ತಣಿಸುವ ಕ್ರಮದ ಸ್ಪಷ್ಟ ವಿವರಣೆ ಸಿಗದೆಂಬ ಸಂದೇಹವನ್ನು ಜೇಮ್ಸ್ ಮೆಕ್‌ಹ್ಯೂ ಅವರ 2021ರ ‘ಆ್ಯನ್ ಅನ್‌ಹೋಲಿ ಬ್ರೂ’ ಗ್ರಂಥದವರೆಗೂ ಕಾಣಬಹುದು. ಪಾತ್ರೆಗಳು ಹೌದೆನ್ನುತ್ತವೆ, ಪಠ್ಯಗಳು ಮೌನವಾಗಿವೆ. ಪಠ್ಯದ ಮೌನವೊಂದನ್ನೇ ಅಂತಿಮ ಪ್ರಮಾಣವೆಂದು ಒಪ್ಪುವುದು ಜಾನಪದ ಅಧ್ಯಯನಕ್ಕೆ ಕಷ್ಟ. ಕುಂಬಾರನ ಮತ್ತು ಭಟ್ಟಿಯವನ ತಿಳಿವಳಿಕೆ ಗ್ರಂಥಸ್ಥವಾಗುವುದು ಬಹಳ ತಡವಾಗಿ, ಅದೂ ಅಪೂರ್ಣವಾಗಿ. ಪಾದರಸವನ್ನು ಆವಿಯಾಗಿಸಿ, ಓರೆಯಾದ ಕೊಳವೆಯ ಮೂಲಕ ತಣ್ಣೀರಿನಲ್ಲಿಟ್ಟ ಇನ್ನೊಂದು ಗಡಿಗೆಗೆ ಇಳಿಸುವ ‘ತಿರ್ಯಕ್ಪಾತನ ಯಂತ್ರ’ವನ್ನು ‘ರಸರತ್ನಸಮುಚ್ಚಯ’ವು ವರ್ಣಿಸುವ ವೇಳೆಗಾಗಲೇ ತತ್ತ್ವ ತಿಳಿದಿತ್ತೆಂಬುದರಲ್ಲಿ ಸಂಶಯವಿಲ್ಲ.

ಮನೆ ಮತ್ತು ಪ್ರಭುತ್ವದ ನಡುವಣ ಸಂಬಂಧ ಇದಕ್ಕಿಂತ ಹೆಚ್ಚು ಗಮನಾರ್ಹವಾದುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದಿದೆ. ಸುರೆಯ ತಯಾರಿಕೆ, ಮಾರಾಟಗಳನ್ನು ಬಿಗಿಯಾದ ನಿಯಂತ್ರಣಕ್ಕೆ ಒಳಪಡಿಸುವ ಅದೇ ಅಧ್ಯಾಯ ಗೃಹಸ್ಥರಿಗೆ ವಿಶೇಷ ಸಂದರ್ಭಗಳಲ್ಲಿ ಮನೆಯಲ್ಲೇ ಶ್ವೇತಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಲು ಅನುಮತಿ ನೀಡುತ್ತದೆ. ಉತ್ಸವ, ಸಮಾಜ, ಯಾತ್ರೆಗಳ ಕಾಲದಲ್ಲಿ 4 ದಿನಗಳ ಸಡಿಲಿಕೆಯನ್ನೂ ಕೊಡುತ್ತದೆ. ಅಲ್ಲಿ ಹೇಳಿರುವುದು ಭಟ್ಟಿಯ ಮದ್ಯವಲ್ಲದಿರಬಹುದು. ಆದರೆ ಮಾರುವುದಕ್ಕೂ ಮನೆಗೆ ಮಾಡಿಕೊಳ್ಳುವುದಕ್ಕೂ ನಡುವಣ ವ್ಯತ್ಯಾಸವನ್ನು ಆ ಪ್ರಭುತ್ವ ಒಪ್ಪಿತ್ತು.

ಇದೇ ವ್ಯತ್ಯಾಸ ದೆಹಲಿಯ ಸುಲ್ತಾನ ಅಲ್ಲಾವುದ್ದೀನ್ ಖಿಲ್ಜಿಯ (1296–1316) ಕಾಲದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಇತಿಹಾಸಕಾರ ಜಿಯಾವುದ್ದೀನ್ ಬರನಿಯ ಪ್ರಕಾರ, ಸುಲ್ತಾನನು ಪಾನನಿಷೇಧವನ್ನು ಘೋಷಿಸಿ ಅರಮನೆಯ ಮದ್ಯವನ್ನೆಲ್ಲ ಬದಾಯೂನ್ ಬಾಗಿಲಲ್ಲಿ ಚೆಲ್ಲಿಸಿದನು. ಜನರು ಮನೆಗಳಲ್ಲಿ ಭಟ್ಟಿ ಹೂಡಿ ಸಕ್ಕರೆಯಿಂದ ಮದ್ಯ ಇಳಿಸತೊಡಗಿದರು. ಹೊರಗಿನಿಂದ ಮದ್ಯವನ್ನು ಚರ್ಮದ ಚೀಲಗಳಲ್ಲಿ ತುಂಬಿ ಹುಲ್ಲು, ಸೌದೆಗಳ ಹೊರೆಯಲ್ಲಿ ಅಡಗಿಸಿ ನಗರದೊಳಕ್ಕೆ ತಂದರು. ಸಿಕ್ಕಿಬಿದ್ದವರನ್ನು ಬಾಗಿಲ ಬಳಿ ತೋಡಿದ ಗುಂಡಿಗಳಲ್ಲಿ ಕೂಡಿಹಾಕಲಾಯಿತು. ಅನೇಕರು ಅಲ್ಲಿಯೇ ಸತ್ತರು. ಕೊನೆಗೆ ಸುಲ್ತಾನನು ನಿಯಮವನ್ನು ಸಡಿಲಿಸಬೇಕಾಯಿತು. ಮಾರಾಟ ಮಾಡದೆ, ಪಾನಗೋಷ್ಠಿ ನಡೆಸದೆ, ತನ್ನ ಮನೆಯಲ್ಲಿ ತಾನೇ ಇಳಿಸಿ ಕುಡಿಯುವವನ ತಂಟೆಗೆ ಹೋಗಬಾರದೆಂದು ಆಜ್ಞೆಯಾಯಿತು. ಭಾರತದ ಲಿಖಿತ ಚರಿತ್ರೆಯಲ್ಲಿ ಮನೆಭಟ್ಟಿಯು ಇಷ್ಟು ಸ್ಪಷ್ಟವಾಗಿ ಕಾಣಿಸುವ ಆರಂಭದ ಪ್ರಸಂಗಗಳಲ್ಲಿ ಇದು ಮುಖ್ಯವಾದುದು. ನಿಷೇಧದ ನೆಪದಲ್ಲಿಯೇ ಅದು ಪುಸ್ತಕವನ್ನು ಸೇರಿತೆಂಬುದು ವಿಪರ್ಯಾಸ.

ಪಾತ್ರೆಯ ರಚನೆಯನ್ನು ಕುತೂಹಲದಿಂದ ನೋಡಿ ಬರೆದವನು ಅಬುಲ್ ಫಜಲ್. 16ನೆಯ ಶತಮಾನದ ಕೊನೆಯ ಭಾಗದ ‘ಐನ್-ಇ-ಅಕ್ಬರಿ’ಯಲ್ಲಿ ಕಬ್ಬಿನ ರಸಕ್ಕೆ ಜಾಲಿಯ ತೊಗಟೆ ಸೇರಿಸಿ ಹುದುಗಿಸಿ ಅರಕು ಇಳಿಸುವ 3 ಕ್ರಮಗಳು ನಿರೂಪಿತವಾಗಿವೆ. ಒಂದರಲ್ಲಿ ಲೋಹದ ಪಾತ್ರೆಯೊಳಗೆ ಬಟ್ಟಲನ್ನಿಟ್ಟು, ಬೋರಲಾದ ಮುಚ್ಚಳವನ್ನು ಮಣ್ಣಿನಿಂದ ಬೆಸೆದು, ಅದರ ಮೇಲೆ ತಣ್ಣೀರು ಸುರಿಯಲಾಗುತ್ತದೆ. ಆವಿ ಮುಚ್ಚಳಕ್ಕೆ ತಗಲಿ ಬಟ್ಟಲಿಗೆ ತೊಟ್ಟಿಕ್ಕುತ್ತದೆ. ಇನ್ನೊಂದರಲ್ಲಿ 2 ಕೊಳವೆಗಳು ತಣ್ಣೀರಿನಲ್ಲಿಟ್ಟ ಹೂಜಿಗಳಿಗೆ ಆವಿಯನ್ನು ಒಯ್ಯುತ್ತವೆ. ಮೂರನೆಯದರಲ್ಲಿ ಟೊಳ್ಳು ಹಿಡಿಯ ದೊಡ್ಡ ಸೌಟು ಪಾತ್ರೆಯೊಳಗೆ ಹನಿಯನ್ನು ಹಿಡಿದು ಹೊರಕ್ಕೆ ಹರಿಸುತ್ತದೆ. ಬಟ್ಟಲು, ಮುಚ್ಚಳ, ಹೂಜಿ, ಸೌಟು ಎಲ್ಲವೂ ಅಡುಗೆಮನೆಯ ಉಪಕರಣಗಳೇ. ಎರಡು ಬಾರಿ ಇಳಿಸಿದ ಅರಕಿಗೆ ‘ದೋ ಆತಶಾ’, ಅಂದರೆ ಎರಡು ಬೆಂಕಿಯದು, ಎಂಬ ಹೆಸರಿತ್ತು. ಅದನ್ನು ಕೈಗೆ ಸವರಿಕೊಂಡು ಬೆಂಕಿಯ ಬಳಿ ಹಿಡಿದರೆ ಕೈ ಸುಡದೆ ಜ್ವಾಲೆ ಏಳುವುದೆಂದು ಅಬುಲ್ ಫಜಲ್ ಬೆರಗಿನಿಂದ ದಾಖಲಿಸುತ್ತಾನೆ. ಇದು ಬರಿಯ ಚಮತ್ಕಾರವಲ್ಲ. ಮದ್ಯದ ತೀಕ್ಷ್ಣತೆಯನ್ನು ಅಳೆಯುವ ಜನಪದ ವಿಧಾನವೂ ಹೌದು.

ಅದೇ ಶತಮಾನದ ಪಶ್ಚಿಮ ಕರಾವಳಿಯ ಸಾಕ್ಷ್ಯ ಗೋವೆಯಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ತನದು. 1563ರಲ್ಲಿ ಗೋವೆಯಲ್ಲಿಯೇ ಅಚ್ಚಾದ ಅವನ ಸಂಭಾಷಣೆಗಳ ಗ್ರಂಥದಲ್ಲಿ ತೆಂಗಿನ ಕಳ್ಳಿಗೆ ‘ಸುರ’ ಎಂಬ ಹೆಸರೇ ಇದೆ. ಅದನ್ನು ಭಟ್ಟಿ ಇಳಿಸಿದಾಗ ಮೊದಲಿಗೆ ಬರುವ ತೀಕ್ಷ್ಣವಾದ ಭಾಗವನ್ನು ‘ಫುಲ’, ಎಂದರೆ ಹೂವು, ಎಂದೂ ಉಳಿದುದನ್ನು ಅರಕೆಂದೂ ಕರೆಯುವರೆಂದು ಅವನು ತಿಳಿಸುತ್ತಾನೆ. ‘ಅರಕ್’ ಎಂಬುದು ಅರಬ್ಬಿಯಲ್ಲಿ ಬೆವರಿನ ಹೆಸರು. ಪಾತ್ರೆ ಬೆವರುತ್ತದೆ, ಮೊದಲ ಬೆವರು ಹೂವಾಗುತ್ತದೆ. ಬೇರೆ ಬೇರೆ ಭಾಷೆಗಳ ಜನ ಒಂದೇ ಕ್ರಿಯೆಯನ್ನು ನೋಡಿ ಕಟ್ಟಿಕೊಂಡ ರೂಪಕಗಳಿವು.

ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಗೇರುಮರ ಈ ಕರಾವಳಿಯಲ್ಲಿ ಬೇರೂರಿದ ಮೇಲೆ ತೆಂಗಿನ ಕಳ್ಳಿನ ಭಟ್ಟಿಗೆ ಗೇರುಹಣ್ಣಿನ ರಸವೂ ಸೇರಿತು. ಗೋವೆಯ ಕ್ರಮದಲ್ಲಿ ತಾಮ್ರದ ಪಾತ್ರೆಯ ವಿನ್ಯಾಸವು ಬಹುಮಟ್ಟಿಗೆ ಹಾಗೆಯೇ ಉಳಿದುಬಂದಿದೆ. ಹಣ್ಣನ್ನು ‘ಕೊಳಂಬಿ’ ಎಂಬ ಕಲ್ಲಿನ ಗುಳಿಯಲ್ಲಿ ತುಳಿದು ರಸ ತೆಗೆದು, ಅದು ಕೆಲವು ದಿನ ಹುದುಗಿದ ಮೇಲೆ ‘ಭಾಣ್’ಗೆ ತುಂಬುತ್ತಾರೆ. ಕೊಂಕಣಿಯ ಭಾಣ್ ಕನ್ನಡಕ್ಕೂ ಪರಿಚಿತವಾದ ‘ಭಾಂಡ’ವೇ. ಹಿಂದೆ ಅದು ಮಣ್ಣಿನದು, ಅನಂತರ ತಾಮ್ರದ್ದು. ಬಾಯಿಗೆ ಮರದ ಬೆಣೆ ಇಟ್ಟು ಹುತ್ತದ ಮಣ್ಣಿನಿಂದ ಸಂದು ಮುಚ್ಚುತ್ತಾರೆ. ಕೊಳವೆ ‘ಲಾವ್ನಿ’ ಎಂಬ ಗಡಿಗೆಯನ್ನು ಸೇರುತ್ತದೆ. ಲಾವ್ನಿಯ ಮೇಲೆ ತೆಂಗಿನ ಕರಟದ ಸೌಟಿನಿಂದ ಎಡೆಬಿಡದೆ ತಣ್ಣೀರು ಎರೆಯುತ್ತಾರೆ. ಇತ್ತೀಚಿನ ದಶಕಗಳಲ್ಲಿ ಲಾವ್ನಿಯ ಸ್ಥಾನಕ್ಕೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿದ ತಾಮ್ರದ ಸುರುಳಿ ಬಂದಿದೆ. ಮೊದಲ ಇಳಿತದ ಮೃದುವಾದ ಮದ್ಯ ಉರ‍್ರಾಕ್. ಅದನ್ನು ಹೊಸ ರಸದೊಡನೆ ಮತ್ತೆ ಇಳಿಸಿದರೆ ಫೆನಿ. ನೊರೆಯನ್ನು ಸೂಚಿಸುವ ಕೊಂಕಣಿಯ ‘ಫೆಣ್’ ಎಂಬುದರಿಂದ ಈ ಹೆಸರು. ಸುರಿಯುವಾಗ ಏಳುವ ಗುಳ್ಳೆಗಳನ್ನು ನೋಡಿ ಮದ್ಯದ ಬಲವನ್ನು ನಿರ್ಣಯಿಸುವ ವಾಡಿಕೆ ಹೆಸರಿನಲ್ಲಿಯೇ ಉಳಿದಿದೆ.

ತಾಮ್ರವೇ ಏಕೆ ಎಂಬ ಪ್ರಶ್ನೆಗೆ ಉತ್ತರ ಕುಶಲಕರ್ಮಿಯ ಕೈಯಲ್ಲಿಯೂ ಇದೆ, ರಸಾಯನಶಾಸ್ತ್ರದಲ್ಲಿಯೂ ಇದೆ. ತಾಮ್ರದ ತಗಡು ಸುತ್ತಿಗೆಗೆ ಬಾಗುತ್ತದೆ, ಬಿರುಕುಬಿಡದೆ ಹಿಗ್ಗುತ್ತದೆ, ಬೆಂಕಿಯ ಕಾವನ್ನು ಬೇಗನೆ ಇಡೀ ಪಾತ್ರೆಗೆ ಹರಡುತ್ತದೆ. ಹೀಗಾಗಿ ರಸ ತಳ ಹಿಡಿದು ಸೀಯುವುದು ಕಡಿಮೆ. ಹುದುಗುವಾಗ ಹುಟ್ಟುವ ಗಂಧಕದ ಸಂಯುಕ್ತಗಳು ಬಿಸಿ ತಾಮ್ರದೊಡನೆ ವರ್ತಿಸಿ ಪಾತ್ರೆಯಲ್ಲಿಯೇ ಉಳಿಯುವುದರಿಂದ ಇಳಿದ ಮದ್ಯಕ್ಕೆ ಕೊಳೆತ ವಾಸನೆ ಬರುವುದಿಲ್ಲ. ಹುಳಿಯನ್ನು ಬೇಯಿಸುವ ಅಡುಗೆಯ ತಾಮ್ರದ ಪಾತ್ರೆಗೆ ಕಲಾಯಿ ಬೇಕೇ ಬೇಕು. ಭಟ್ಟಿಯಲ್ಲಿ ಬರಿಯ ತಾಮ್ರವೇ ಗುಣ. ಅಪಾಯವಿರುವುದು ಬೆಸುಗೆಯಲ್ಲಿ. ಅಂಚುಗಳನ್ನು ಹಲ್ಲುಹಲ್ಲಾಗಿ ಕತ್ತರಿಸಿ ಒಂದರೊಳಗೊಂದು ಕೂರಿಸಿ ಹಿತ್ತಾಳೆಯಿಂದ ಬೆಸೆಯುವುದು ಹಳೆಯ ಕ್ರಮ. ಸೀಸ ಬೆರೆತ ಅಗ್ಗದ ಬೆಸುಗೆಯನ್ನು ಬಳಸಿದರೆ ಆಮ್ಲೀಯವಾದ ರಸ ಮತ್ತು ಆವಿ ಸೀಸವನ್ನು ಕರಗಿಸಿ ಮದ್ಯಕ್ಕೆ ಸೇರಿಸುತ್ತವೆ. ನೋಟಕ್ಕೂ ರುಚಿಗೂ ಅದು ತಿಳಿಯುವುದಿಲ್ಲ. ಒಳ್ಳೆಯ ಭಟ್ಟಿಯೆಂದರೆ ಒಳ್ಳೆಯ ಲೋಹಕಾರನೊಬ್ಬನ ಬಹಿರಂಗವಾದ ಕೆಲಸ. ಅಂತಹ ಕೆಲಸಕ್ಕೆ ಹಣ, ಸಮಯಗಳ ಜೊತೆಗೆ ಪಾತ್ರೆ ಮುಂದಿನ ವರ್ಷವೂ ತನ್ನ ಬಳಿಯೇ ಇರುತ್ತದೆಂಬ ಭರವಸೆಯೂ ಬೇಕು.

ಆ ಭರವಸೆಯನ್ನು ಕಿತ್ತುಕೊಂಡವು 19ನೆಯ ಶತಮಾನದ ಉತ್ತರಾರ್ಧದ ಕಾಯ್ದೆಗಳು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಗಿತ್ತು. 1878ರ ಮುಂಬಯಿ ಅಬಕಾರಿ ಕಾಯ್ದೆ ಅದಕ್ಕೆ ಅನ್ವಯವಾಯಿತು. ದಕ್ಷಿಣ ಕನ್ನಡಕ್ಕೆ 1886ರ ಮದರಾಸು ಅಬಕಾರಿ ಕಾಯ್ದೆ. ಪರವಾನಗಿಯಿಲ್ಲದೆ ಮದ್ಯ ಇಳಿಸುವುದಷ್ಟೇ ಅಲ್ಲ, ಇಳಿಸುವ ಉಪಕರಣವನ್ನು ಇಟ್ಟುಕೊಳ್ಳುವುದೂ ಅಪರಾಧವೆನಿಸಿತು. ಮುಂಬಯಿ ಸರ್ಕಾರ 1892ರಲ್ಲಿ ಹಿಪ್ಪೆಯ ಹೂವಿನ ಸಂಗ್ರಹವನ್ನೇ ನಿರ್ಬಂಧಿಸುವ ಕಾಯ್ದೆ ತಂದಿತು. ಬ್ರಿಟಿಷರ ಒತ್ತಡ ಗೋವೆಯನ್ನೂ ತಟ್ಟಿತು. 1878ರ ಆಂಗ್ಲ–ಪೋರ್ಚುಗೀಸ್ ಒಪ್ಪಂದದ ಮೂಲಕ ಗೋವೆಯ ಕಳ್ಳು, ಮದ್ಯಗಳ ಮೇಲೆ ಅಬಕಾರಿ ವ್ಯವಸ್ಥೆ ಹೇರಲ್ಪಟ್ಟಿತು. ಒಪ್ಪಂದ 1892ರಲ್ಲಿ ಕೊನೆಗೊಂಡಿತು. ಅಲ್ಲಿನ ಭಟ್ಟಿಗಳು ಆ ಹೊಡೆತವನ್ನು ತಾಳಿಕೊಂಡವು. ಬ್ರಿಟಿಷ್ ಕನ್ನಡ ಜಿಲ್ಲೆಗಳಲ್ಲಿ ಕಳ್ಳಿಳಿಸುವ ಸಮುದಾಯಗಳು ಗುತ್ತಿಗೆದಾರರ ಕೂಲಿಗಳಾದವು. ಕೌಟಿಲ್ಯನೂ ಖಿಲ್ಜಿಯೂ ಒಪ್ಪಿದ್ದ ಮನೆಬಳಕೆಯ ವಿನಾಯಿತಿಗೆ ಈ ವ್ಯವಸ್ಥೆಯಲ್ಲಿ ಸ್ಥಾನ ದೊರೆಯಲಿಲ್ಲ. ಕಾರಣ ಸ್ಪಷ್ಟ: ಮನೆಯಲ್ಲಿ ಇಳಿಸಿದ ಪ್ರತಿ ಸೇರು ಮದ್ಯವೂ ಬೊಕ್ಕಸಕ್ಕೆ ನಷ್ಟವೆಂದು ಲೆಕ್ಕವಾಗಿತ್ತು. ಸ್ವಾತಂತ್ರ್ಯಾನಂತರ ಬಂದ 1949ರ ಮುಂಬಯಿ ಪಾನನಿರೋಧ ಕಾಯ್ದೆಯ ಉದ್ದೇಶ ಬೇರೆ; ಆದರೆ ಮನೆಭಟ್ಟಿಯ ಮಟ್ಟಿಗೆ ಪರಿಣಾಮ ಒಂದೇ.

ಕಳೆದುಕೊಳ್ಳಲು ಸಿದ್ಧವಿರುವ ಪಾತ್ರೆಯನ್ನು ಯಾರೂ ತಾಮ್ರದಲ್ಲಿ ಮಾಡಿಸುವುದಿಲ್ಲ. ದಾಳಿಯಾದರೆ ಬಿಟ್ಟು ಓಡಬಹುದಾದ ತಗಡಿನ ಡಬ್ಬ, ಅಲ್ಯೂಮಿನಿಯಂ ಪಾತ್ರೆ, ರಬ್ಬರಿನ ಕೊಳವೆಗಳು ಕಾಡಿನಂಚಿನ ಭಟ್ಟಿಯ ಸಾಮಗ್ರಿಯಾದವು. ಹುದುಗು ಬೇಗನೆ ಬರಲೆಂದು ನವಸಾಗರ ಸೇರಿತು. ಇಳಿಸಿದ್ದನ್ನು ವಾಹನದ ಚಕ್ರದ ಟ್ಯೂಬಿನಲ್ಲಿ ತುಂಬಿ ಸಾಗಿಸಲಾಯಿತು. ಬರನಿಯ ಚರ್ಮದ ಚೀಲವೇ ರಬ್ಬರಾಗಿ ಮರಳಿತೆನ್ನಬೇಕು. ವಿಷಮದ್ಯದ ದುರಂತಗಳನ್ನು ಸಾಮಾನ್ಯವಾಗಿ ಇದೇ ಮನೆಭಟ್ಟಿಯ ಲೆಕ್ಕಕ್ಕೆ ಬರೆಯಲಾಗುತ್ತದೆ. ಇದನ್ನು ಪರಿಶೀಲಿಸದೆ ಒಪ್ಪಲಾಗದು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು, 2008ರ ಮೇ ತಿಂಗಳಲ್ಲಿ ಕರ್ನಾಟಕ–ತಮಿಳುನಾಡುಗಳಲ್ಲಿ 150ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಮೆಥನಾಲ್. ಕೈಗಾರಿಕೆಯ ಬಳಕೆಗೆಂದು ತಯಾರಾಗುವ ಈ ದ್ರವವನ್ನು ಅಗ್ಗದ ಮದ್ಯದ ವ್ಯಾಪಾರಿಗಳು ಬೆರೆಸುತ್ತಾರೆ. ಹಣ್ಣಿನ ರಸವನ್ನು ಕಾಯಿಸುವ ಹಳ್ಳಿಯ ಪಾತ್ರೆಯಲ್ಲಿ ಅಷ್ಟು ಪ್ರಮಾಣದ ಮೆಥನಾಲ್ ಹುಟ್ಟುವುದಿಲ್ಲ. ಎರಡನೆಯ ದುರಂತ ನಡೆದದ್ದು ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದ ಒಂದು ವರ್ಷದೊಳಗೆ. ಸಾರಾಯಿಯಿಂದ ಹಾಳಾದ ಕುಟುಂಬಗಳ, ವಿಶೇಷವಾಗಿ ಅದರ ವಿರುದ್ಧ ಚಳವಳಿ ಹೂಡಿದ ಹಳ್ಳಿಯ ಹೆಂಗಸರ ಅನುಭವವನ್ನು ಈ ಮಾತು ಅಲ್ಲಗಳೆಯುವುದಿಲ್ಲ. ಅವರು ಹೋರಾಡಿದ್ದು ಮುಖ್ಯವಾಗಿ ಹರಾಜಿನ ಅಂಗಡಿಯ ಸಾರಾಯಿಯ ವಿರುದ್ಧ.

ಇದೇ ರಚನೆಯ ತಾಮ್ರದ ಪಾತ್ರೆ ಉತ್ತರ ಪ್ರದೇಶದ ಕನೌಜಿನಲ್ಲಿ ‘ದೇಗ್’ ಎಂಬ ಹೆಸರಿನಲ್ಲಿ ಗುಲಾಬಿಯ ಅತ್ತರನ್ನು ಇಳಿಸುತ್ತದೆ. ಅಲ್ಲಿಯೂ ಬಾಯಿಗೆ ಮಣ್ಣು, ಬಿದಿರಿನ ಕೊಳವೆ, ನೀರಿನಲ್ಲಿ ಕುಳಿತ ತಾಮ್ರದ ‘ಭಪ್ಕಾ’. ಅದನ್ನು ಪಾರಂಪರಿಕ ಕರಕೌಶಲವೆಂದು ಪ್ರವಾಸಿಗರಿಗೆ ತೋರಿಸಲಾಗುತ್ತದೆ. ಮಧ್ಯಪ್ರದೇಶದ ಕಾನೂನು ಆದಿವಾಸಿಗಳಿಗೆ ನಿಗದಿತ ಮಿತಿಯಲ್ಲಿ ಮನೆಬಳಕೆಯ ಹಿಪ್ಪೆಮದ್ಯವನ್ನು ಇಳಿಸಲು ಅವಕಾಶ ಕೊಟ್ಟಿದೆ. ಹೊರದೇಶಗಳಲ್ಲಿ ನ್ಯೂಜಿಲೆಂಡ್ 1996ರಲ್ಲಿಯೇ ಸ್ವಂತ ಬಳಕೆಗೆ ಹವ್ಯಾಸವಾಗಿ ಭಟ್ಟಿ ಇಳಿಸುವುದನ್ನು ಕಾನೂನುಬದ್ಧಗೊಳಿಸಿತು. ಗೋವೆಯ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2016ರಲ್ಲಿ ಅಲ್ಲಿನ ಸರ್ಕಾರ ಅದನ್ನು ರಾಜ್ಯದ ಪಾರಂಪರಿಕ ಪಾನೀಯವೆಂದು ಘೋಷಿಸಿತು. ಭಾಣ್, ಕೊಳಂಬಿಗಳು ಈಗ ವಸ್ತುಸಂಗ್ರಹಗಳಲ್ಲಿ ಸ್ಥಾನ ಪಡೆದಿವೆ.

ಕನ್ನಡ ಜಾನಪದ ಅಧ್ಯಯನವು ನೇಗಿಲು, ಮಗ್ಗ, ಗಾಣಗಳಿಗೆ ಕೊಟ್ಟಷ್ಟು ಲಕ್ಷ್ಯವನ್ನು ಈ ಉಪಕರಣಕ್ಕೆ ಕೊಟ್ಟಿಲ್ಲ. ಬಹುಶಃ ಮದ್ಯದ ಬಗೆಗಿನ ನೈತಿಕ ಸಂಕೋಚ ಪಾತ್ರೆಯವರೆಗೂ ಹಬ್ಬಿರಬೇಕು. ತುಳುನಾಡಿನಲ್ಲಿ ಭಟ್ಟಿಯ ಮದ್ಯಕ್ಕೆ ‘ಗಂಗಸರ’ ಎಂಬ ಸೊಗಸಾದ ಹೆಸರಿದೆ. ಅಲ್ಲಿನ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯಗಳೊಡನೆ ಶೇಂದಿ, ಮದ್ಯಗಳನ್ನು ಹರಕೆಯಾಗಿ ಒಪ್ಪಿಸುವ ಪದ್ಧತಿ ಇಂದಿಗೂ ನಡೆದಿದೆ. ಒಪ್ಪಿಸುವುದು ಬಹಳಮಟ್ಟಿಗೆ ಅಂಗಡಿಯ ಬಾಟಲಿಯನ್ನು. ಕಾರವಾರದ ಉತ್ತರಕ್ಕೆ ಮಾಜಾಳಿಯಲ್ಲಿ ಕರ್ನಾಟಕ ಮುಗಿದು ಪೋಳೆಯಲ್ಲಿ ಗೋವೆ ಆರಂಭವಾಗುತ್ತದೆ. ಬೇಸಿಗೆಯಲ್ಲಿ ಗಡಿಯ ಎರಡೂ ಬದಿಯ ಗುಡ್ಡಗಳಲ್ಲಿ ಒಂದೇ ಜಾತಿಯ ಗೇರುಹಣ್ಣು ಉದುರುತ್ತದೆ. ಆಚೆಯ ಹಣ್ಣು ಪರವಾನಗಿ ಪಡೆದ ತಾಮ್ರದ ಭಾಣ್ ಸೇರುತ್ತದೆ. ಈಚೆ ಬೀಜವನ್ನು ಕಿತ್ತುಕೊಂಡ ಮೇಲೆ ಹಣ್ಣಿನ ಬಹುಪಾಲು ಮರದ ಬುಡದಲ್ಲಿಯೇ ಕೊಳೆಯುತ್ತದೆ.