ಎರಡು ಕೆರೆ, ನಡುವೆ ಒಂದು ಗೆರೆ

ಅಮೆರಿಕದ ವರ್ಜೀನಿಯಾದಲ್ಲಿ ಟ್ವಿನ್ ಲೇಕ್ಸ್ ಅಂತ ಒಂದು ಸ್ಟೇಟ್ ಪಾರ್ಕ್ ಇದೆ. ಕಾಡಿನ ನಡುವೆ ಎರಡು ಕೆರೆ. ಜನ ಬರ್ತಾರೆ, ಟೆಂಟ್ ಹಾಕ್ತಾರೆ, ಈಜ್ತಾರೆ, ಮೀನು ಹಿಡೀತಾರೆ. ಒಂದು ಗುಡ್ವಿನ್ ಕೆರೆ, ಇನ್ನೊಂದು ಪ್ರಿನ್ಸ್ ಎಡ್ವರ್ಡ್ ಕೆರೆ. ಆದರೆ ಇದೇ ನೀರಿನ ಪಕ್ಕ ಒಂದು ಕಾಲಕ್ಕೆ ಒಂದು ಗೆರೆ ಇತ್ತು. ಗುಡ್ವಿನ್ ಬಿಳಿಯರಿಗೆ, ಪ್ರಿನ್ಸ್ ಎಡ್ವರ್ಡ್ ಕಪ್ಪು ಜನರಿಗೆ!

1930ರ ದಶಕದ ಆರ್ಥಿಕ ಕುಸಿತ. ಸೋತುಹೋಗಿದ್ದ ರೈತರಿಂದ ಕೇಂದ್ರ ಸರ್ಕಾರ ಇಲ್ಲಿನ ಜಮೀನು ಕೊಂಡುಕೊಂಡಿತು. ನಿರುದ್ಯೋಗಿ ಯುವಕರಿಗೆ ಕೆಲಸ ಕೊಡೋದಕ್ಕೆ ಅಧ್ಯಕ್ಷ ರೂಸ್‌ವೆಲ್ಟ್ ಶುರು ಮಾಡಿದ್ದ ಸಿವಿಲಿಯನ್ ಕನ್ಸರ್ವೇಶನ್ ಕಾರ್ಪ್ಸ್‌ನ ಹುಡುಗರು ಬೆವರು ಸುರಿಸಿ ಈ ತಾಣ ಕಟ್ಟಿದರು.

1948ರಲ್ಲಿ ಡ್ಯಾನ್ವಿಲ್ ಊರಿನ ಬ್ಯಾಂಕರ್ ಮೇಸಿಯೋ ಮಾರ್ಟಿನ್ ಅವರಿಗೆ ಇನ್ನೊಂದು ಉದ್ಯಾನದಲ್ಲಿ, ಅಂದರೆ ಸ್ಟಾಂಟನ್ ರಿವರ್ ಸ್ಟೇಟ್ ಪಾರ್ಕ್‌ನಲ್ಲಿ, ಪ್ರವೇಶ ಸಿಗಲಿಲ್ಲ. ಕಾರಣ, ಅವರು ಕಪ್ಪು ಜನಾಂಗದವರು. ಮಾರ್ಟಿನ್ ಸುಮ್ಮನಾಗಲಿಲ್ಲ, ಕೋರ್ಟಿಗೆ ಹೋದರು. 'ಬೇರೆ ಬೇರೆ ಇಡಿ, ಆದರೆ ಸಮಾನವಾಗಿಡಿ' ಅನ್ನೋದು 1896ರಿಂದ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಿಕೊಂಡಿದ್ದ ಸೂತ್ರ. ಸರಿ, ಕಪ್ಪು ಜನರಿಗೆ ಸಮಾನವಾದ ಪಾರ್ಕ್ ಎಲ್ಲಿದೆ? ಸರ್ಕಾರದ ಹತ್ತಿರ ಉತ್ತರ ಇರಲಿಲ್ಲ.

ಆಗ ಸರ್ಕಾರ ಏನು ಮಾಡಿತು ಗೊತ್ತಾ? ಗೇಟ್ ತೆಗೆಯಲಿಲ್ಲ. ಪ್ರಿನ್ಸ್ ಎಡ್ವರ್ಡ್ ಕೆರೆಯ ತಾಣವನ್ನೇ ಮೇಲ್ದರ್ಜೆಗೆ ಏರಿಸಿ, 1950ರಲ್ಲಿ 'ನೀಗ್ರೋಗಳಿಗಾಗಿ ಸ್ಟೇಟ್ ಪಾರ್ಕ್' ಅಂತ ಬೋರ್ಡ್ ಹಾಕಿತು! ನಾನು ಓದಿದ್ದು ಇಂಜಿನಿಯರಿಂಗ್. ಒಂದು ಚಿಲಕ ತೆಗೆದರೆ ಮುಗಿಯೋ ಕೆಲಸಕ್ಕೆ ಎರಡೆರಡು ವ್ಯವಸ್ಥೆ ಕಟ್ಟೋ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಅದು ದ್ವೇಷದ ಲೆಕ್ಕ.

ಇದೇ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ 1951ರಲ್ಲಿ ಬಾರ್ಬರಾ ಜಾನ್ಸ್ ಎಂಬ 16 ವರ್ಷದ ಹುಡುಗಿ, ಕಿಕ್ಕಿರಿದ ಶಾಲೆಯ ವಿರುದ್ಧ ವಿದ್ಯಾರ್ಥಿಗಳ ಮುಷ್ಕರ ಕಟ್ಟಿದಳು. ಅದು ಕೇಸಾಗಿ, ಬ್ರೌನ್ ಪ್ರಕರಣದ ಭಾಗವಾಯಿತು. 1954ರಲ್ಲಿ ಸುಪ್ರೀಂ ಕೋರ್ಟ್, ಶಾಲೆಗಳಲ್ಲಿ 'ಬೇರೆ ಆದರೆ ಸಮಾನ' ನಡೆಯಲ್ಲ ಎಂದಿತು. ಕೌಂಟಿ ಒಪ್ಪಿತಾ? ಇಲ್ಲ. ಮಕ್ಕಳನ್ನು ಒಟ್ಟಿಗೆ ಕೂರಿಸೋ ಬದಲು 1959ರಿಂದ 5 ವರ್ಷ ಸರ್ಕಾರಿ ಶಾಲೆಗಳಿಗೇ ಬೀಗ ಜಡಿಯಿತು!

1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಎರಡೂ ಕೆರೆ ಸೇರಿದ ಪಾರ್ಕಿಗೆ ಟ್ವಿನ್ ಲೇಕ್ಸ್ ಅನ್ನೋ ಹೆಸರು ಬಂದಿದ್ದು 1986ರಲ್ಲಿ. ಮಾರ್ಟಿನ್ ಕೇಳಿದ್ದು ಹೊಸ ಪಾರ್ಕ್ ಅಲ್ಲ ಸ್ವಾಮಿ, ಎಲ್ಲರ ದುಡ್ಡಿನಲ್ಲಿ ಕಟ್ಟಿದ ಪಾರ್ಕಿನ ಗೇಟ್ ತೆಗೀರಿ ಅಂತ. ಸಾರ್ವಜನಿಕ ಅನ್ನೋ ಪದಕ್ಕೆ ಬೇರೆ ಅರ್ಥ ಇದೆಯಾ?