ನುಡಿಸುವವರು ಯಾರು?

ಬಯಲಿನಲ್ಲಿ ಗಾಳಿ ಜೋರಾಗಿ ಬೀಸುವಾಗ ವಿದ್ಯುತ್ ತಂತಿಗಳು ಗುಂಯ್ ಎನ್ನುವುದನ್ನು ನೀವು ಕೇಳಿರಬಹುದು. ಯಾರೂ ಮೀಟದೆಯೇ ತಂತಿ ನುಡಿಯುತ್ತದೆ. ಗಾಳಿಯೇ ನುಡಿಸುವ ಇಂಥ ತಂತಿವಾದ್ಯವೊಂದನ್ನು ರೋಮ್‌ನಲ್ಲಿದ್ದ ಜರ್ಮನ್ ವಿದ್ವಾಂಸ ಅಥನೇಸಿಯಸ್ ಕಿರ್ಚರ್ 1650ರಲ್ಲೇ ತನ್ನ ಸಂಗೀತ ಗ್ರಂಥದಲ್ಲಿ ವರ್ಣಿಸಿದ್ದ. ಆದರೆ ಗದ್ದಲವೂ ಕಲೆಯ ಸಾಮಗ್ರಿಯಾದೀತು ಎಂದು ಯಾರಾದರೂ ಪಟ್ಟುಹಿಡಿದು ವಾದಿಸಬೇಕಾದರೆ ಕಾರ್ಖಾನೆಗಳ ಯುಗವೇ ಬರಬೇಕಾಯಿತು.

ಹಾಗೆ ವಾದಿಸಿದವನು ಇಟಲಿಯ ಚಿತ್ರಕಾರ ಲುಯಿಜಿ ರುಸ್ಸೊಲೊ. ಯಂತ್ರಗಳ ನಡುವೆ ಬಾಳುವ ಕಿವಿಗೆ ಹಳೆಯ ವಾದ್ಯಗಳ ನಾದ ಸಾಲದು ಎಂದು 1913ರಲ್ಲಿ ಸಾರಿದ ಆತ, ಅದಕ್ಕೆಂದೇ ಮರದ ಪೆಟ್ಟಿಗೆಗಳನ್ನು ಕಟ್ಟಿದ. ಹಿಡಿಕೆ ತಿರುಗಿಸಿದರೆ ಒಳಗಿನ ಚಕ್ರ ತಂತಿಯನ್ನು ಉಜ್ಜುತ್ತದೆ. ಆ ಕಂಪನ ಮದ್ದಳೆಯ ಮುಚ್ಚಿಗೆಯಂಥ ಪರದೆಗೆ ಹರಿದು, ಕಹಳೆಯ ಬಾಯಿಂದ ಗರ್ಜನೆಯಾಗಿಯೋ ಗೊಣಗಾಟವಾಗಿಯೋ ಹೊರಬೀಳುತ್ತದೆ. 1914ರ ಏಪ್ರಿಲ್ 21ರಂದು ಮಿಲಾನ್‌ನಲ್ಲಿ ಕಚೇರಿ ನಡೆದಾಗ ಸಭಿಕರು ಎಬ್ಬಿಸಿದ ಗಲಾಟೆ ಪೆಟ್ಟಿಗೆಗಳನ್ನೂ ಮೀರಿಸಿತು. ಕಲಾವಿದರ ಗೆಳೆಯರು ಸಭಿಕರೊಂದಿಗೆ ಕೈಕೈ ಮಿಲಾಯಿಸಿದರು! ಆ ಮೂಲ ಪೆಟ್ಟಿಗೆಗಳಲ್ಲಿ ಒಂದೂ ಇಂದು ಉಳಿದಿಲ್ಲ. ಸದ್ದು ಹೊಸದಾದರೂ, ಹಿಡಿಕೆ ತಿರುಗಿಸುತ್ತಿದ್ದುದು ಮನುಷ್ಯನ ಕೈಯೇ ಎಂಬುದನ್ನು ಗಮನಿಸಿ.

ಆ ಕೈಯನ್ನು ಬಿಡಿಸಿದವರಲ್ಲಿ ಸ್ವಿಟ್ಜರ್ಲೆಂಡಿನ ಜಾನ್ ಟಾಂಗ್ಲಿ ಒಬ್ಬ. 1960ರ ಮಾರ್ಚ್ 17ರಂದು ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದ ಅಂಗಳದಲ್ಲಿ ಸೈಕಲ್ ಚಕ್ರ, ಪಿಯಾನೊ, ಸ್ನಾನದ ತೊಟ್ಟಿ, ಮೋಟಾರುಗಳ ಅವನ ಯಂತ್ರ ತಾನೇ ಬಡಿದು ಬಾರಿಸಿ, ತನ್ನನ್ನೇ ಮುರಿದುಕೊಂಡಿತು. ಸುಮಾರು ಅರ್ಧ ಗಂಟೆಯ ಬಳಿಕ ಅಗ್ನಿಶಾಮಕರು ಆಟ ಮುಗಿಸಬೇಕಾಯಿತು.

ಇನ್ನು ಕ್ರೊಯೇಷಿಯಾದ ಜಾದರ್. ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಸಿಕ್ಕಿ ಜರ್ಜರಿತವಾದ ಈ ಬಂದರು ಪಟ್ಟಣದ ದಡಕ್ಕೆ ಯುದ್ಧದ ನಂತರ ಬಂದದ್ದು ನೀರಸ ಕಾಂಕ್ರೀಟು. 2005ರಲ್ಲಿ ವಾಸ್ತುಶಿಲ್ಪಿ ನಿಕೊಲಾ ಬಾಶಿಚ್ ಅಲ್ಲಿ ಸಮುದ್ರಕ್ಕಿಳಿಯುವ ಕಲ್ಲಿನ ಮೆಟ್ಟಿಲುಗಳನ್ನು ಕಟ್ಟಿಸಿದರು. ಉದ್ದ ಸುಮಾರು 70 ಮೀಟರು. ಮೆಟ್ಟಿಲುಗಳ ಅಡಿಯಲ್ಲಿ 35 ಕೊಳವೆಗಳಿವೆ. ಅಲೆ ಕೆಳಬಾಯಿಂದ ನುಗ್ಗಿದಾಗ ಒಳಗಿನ ಗಾಳಿ ಮೇಲಕ್ಕೆ ಒತ್ತಲ್ಪಟ್ಟು ಸೀಟಿಗಳನ್ನು ಊದುತ್ತದೆ. ಹಾರ್ಮೋನಿಯಂನಲ್ಲಿ ತಿದಿ ಒತ್ತುವ ಕೈ ಮಾಡುವ ಕೆಲಸವನ್ನು ಇಲ್ಲಿ ಅಲೆಯೇ ಮಾಡುತ್ತದೆ. ಕಲ್ಲಿನ ರಂಧ್ರಗಳಿಂದ ಸ್ವರ ಹೊರಬರುತ್ತದೆ.

ಹಾಗಾದರೆ ಮನುಷ್ಯ ಪೂರ್ತಿ ಹಿಂದೆ ಸರಿದನೇ? ನನಗೆ ಹಾಗನ್ನಿಸುವುದಿಲ್ಲ. ಕೊಳವೆಗಳ ಶ್ರುತಿಯನ್ನು ಮೊದಲೇ ಕೂಡಿಸಿಟ್ಟಿದ್ದಾರೆ. ಆದ್ದರಿಂದ ಯಾವ ಅಲೆ ಯಾವಾಗ ಬಂದರೂ ಕರ್ಕಶವಾಗುವುದಿಲ್ಲ. ಯಾವ ಸ್ವರಗಳು ಎಂಬುದು ಮನುಷ್ಯನ ತೀರ್ಮಾನ. ಯಾವಾಗ, ಎಷ್ಟು ಎಂಬುದು ಮಾತ್ರ ಸಮುದ್ರದ್ದು. ರುಸ್ಸೊಲೊ ಶ್ರುತಿಗೂ ಗದ್ದಲಕ್ಕೂ ನಡುವಿನ ಬೇಲಿ ಕಿತ್ತಿದ್ದ. ಜಾದರ್ ಆ ಬೇಲಿಯನ್ನು ಮೆಲ್ಲಗೆ ಮತ್ತೆ ನೆಟ್ಟಿದೆ. ಆದರೂ ಜನ ಅಲ್ಲಿ ಗಂಟೆಗಟ್ಟಲೆ ಕೂರುತ್ತಾರೆ. ನೀರು ಶಾಂತವಾಗಿದ್ದರೆ ಕೇಳುವುದು ಕ್ಷೀಣವಾದ ಉಸಿರಷ್ಟೇ. ಹಡಗೊಂದು ಹಾದುಹೋಗುತ್ತದೆ, ಅದು ದೂರ ಸರಿದ ಮೇಲೆ ಅದೆಬ್ಬಿಸಿದ ಅಲೆ ದಡ ಮುಟ್ಟುತ್ತದೆ, ಕೊಳವೆಗಳು ಒಮ್ಮೆಲೇ ದನಿ ಎತ್ತುತ್ತವೆ.